ಬಂದರಿನ ಬುಡ ಘಟ್ಟದಲ್ಲಿದೆ

ಮಂಗಳೂರು ಬಂದರಿನ ಮಾತೆತ್ತಿದರೆ ಹಡಗು, ಕ್ರೇನು, ಟನ್ನುಗಳ ಲೆಕ್ಕವೇ ಮುಂದೆ ಬರುತ್ತದೆ. ವೇಣೂರಿನ ರೈತನಿಗೂ ಅದಕ್ಕೂ ಏನು ಸಂಬಂಧವೆಂದು ಕೇಳುವ ದೊಡ್ಡ ಮನುಷ್ಯರಿದ್ದಾರೆ. ಸಂಬಂಧವಿದೆಯೆಂದೇ ನಮ್ಮ ವಾದ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನ ಬಳಿಯಲ್ಲಿ ಹರಿಯುವ ಫಲ್ಗುಣಿಯೇ ಗುರುಪುರ ಹೊಳೆಯೆಂಬ ಹೆಸರಿನಿಂದ ಮಂಗಳೂರಿಗಿಳಿದು, ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಕಡಲು ಸೇರುತ್ತದೆ. ಹಳೆಯ ಬಂದರು ಇರುವುದು ಆ ನೀರಿನ ದಂಡೆಯಲ್ಲಿಯೇ.

ಆ ಪಟ್ಟಣವನ್ನು ಕಟ್ಟಿದ್ದು ಈ ಎರಡು ಹೊಳೆಗಳು. ಇಲ್ಲಿಯ ಅಕ್ಕಿಯ ಮೇಲೆ ಪೋರ್ಚುಗೀಸರು ಕಣ್ಣಿಟ್ಟರು. 1763ರಲ್ಲಿ ಊರನ್ನು ಹಿಡಿದ ಹೈದರಾಲಿ ಇಲ್ಲಿ ಹಡಗು ಕಟ್ಟಿಸಿದ. ಯುದ್ಧದ ಹಡಗುಗಳು ಗುರುಪುರ ಹೊಳೆಯನ್ನು ಹೊಗದಿರಲೆಂದು ಟಿಪ್ಪು ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿಯನ್ನೆಬ್ಬಿಸಿದ. ಮೈಸೂರು ಸೀಮೆಯ ಸರಕು ಘಟ್ಟವಿಳಿದು ಬಂಟ್ವಾಳದ ಪೇಟೆಗೆ ಬಂದು ಅಲ್ಲಿಂದ ದೋಣಿಯೇರುತ್ತಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದೂ ಹೊಳೆಬದಿಯ ಆವೆಮಣ್ಣನ್ನು ನಂಬಿಯೇ. ದೊರೆಗಳ, ಪಾದ್ರಿಗಳ ಹೆಸರು ಪಾಠಪುಸ್ತಕಕ್ಕೆ ಬಂತು. ಅಕ್ಕಿ ಬೆಳೆದ ಗೇಣಿಯೊಕ್ಕಲಿನ ಹೆಸರು, ಜಲ್ಲೆಯೂರಿ ದೋಣಿ ನೂಕಿದವನ ಹೆಸರು ಯಾವ ಪುಸ್ತಕಕ್ಕೂ ಬರಲಿಲ್ಲ.

ಆದರೆ ಕೊಟ್ಟ ಹೊಳೆಯೇ ಕಸಿದುಕೊಂಡಿತು. ಮಳೆಗಾಲದಲ್ಲಿ ಘಟ್ಟದಿಂದ ಕೊಚ್ಚಿ ಬಂದ ಮಣ್ಣು, ತೆರೆ ತಂದು ಹಾಕಿದ ಹೊಯಿಗೆ ಎರಡೂ ಕೂಡಿ ಅಳಿವೆಯ ಬಾಯಲ್ಲಿ ದಿಬ್ಬವಾಯಿತು. ದೊಡ್ಡ ಹಡಗುಗಳು ದೂರದ ಕಡಲಿನಲ್ಲಿ ಲಂಗರು ಹಾಕಿ, ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಆದುದರಿಂದಲೇ 1962ರಲ್ಲಿ ಪಣಂಬೂರಿನಲ್ಲಿ ನೆಲವನ್ನಗೆದು ಹೊಸ ಬಂದರಿನ ಕೆಲಸ ಶುರುವಾಯಿತು. 1974ರಲ್ಲಿ ಅದು ದೇಶದ ಒಂಭತ್ತನೆಯ ಮಹಾಬಂದರೆನಿಸಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ದೇಶಕ್ಕೆ ಬಂದರು ಬೇಡವೆಂದು ನಾವು ಹೇಳುವವರಲ್ಲ. ಅದಕ್ಕಾಗಿ ಮೀನುಗಾರರೂ ಒಕ್ಕಲುಗಳೂ ಮನೆ ಬಿಟ್ಟೆದ್ದರೆಂಬುದನ್ನು ಮಾತ್ರ ಮರೆಯಲಾರೆವು. ಹೂಳೇನೂ ಹೊಸ ಬಂದರನ್ನು ಬಿಟ್ಟಿಲ್ಲ. ಅಲ್ಲಿಯೂ ಹೂಳೆತ್ತುತ್ತಲೇ ಇರಬೇಕು.

ಈಗ ನೋಡಿ: ಹೊಳೆಯ ಬಾಯಲ್ಲಿ ಹೂಳು ತೆಗೆಯಲು ಸರಕಾರದ ಹಣ, ಹೊಳೆಯ ನಡುವಿನಲ್ಲಿ ಹೊಯಿಗೆ ಬಾಚಲು ಗುತ್ತಿಗೆದಾರನ ಯಂತ್ರ! ಹೊಯಿಗೆ ಬೇಡವಾದಲ್ಲಿ ತುಂಬುತ್ತದೆ, ಬೇಕಾದಲ್ಲಿ ಬರಿದಾಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ನದ ಸೇತುವೆ ಇದೇ ಫಲ್ಗುಣಿಗೆ ಕುಸಿದು ಬಿತ್ತು. ಬುಡದ ಹೊಯಿಗೆ ತೆಗೆದುದೇ ಕಾರಣವೆಂದು ಊರವರು ಕೂಗಿ ಹೇಳಿದರು. ಮೇಲೆ ಗುಡ್ಡ ಕಡಿದು ಮಣ್ಣು ಸಡಿಲಿಸುವವನನ್ನಂತೂ ಕೇಳುವವರೇ ಇಲ್ಲ. ಬಂದರಿಗೊಂದು ಕಚೇರಿ, ಹೊಯಿಗೆಗೊಂದು, ಕಾಡಿಗೊಂದು. ಹೊಳೆ ಮಾತ್ರ ಒಂದೇ.

ಘಟ್ಟದಿಂದ ಅಳಿವೆಯವರೆಗೆ ಫಲ್ಗುಣಿಗೆ ಒಂದೇ ಮಂಡಳಿ ಬೇಕೆಂದು ನಾವು ಒತ್ತಾಯಿಸುತ್ತೇವೆ. ಅದರಲ್ಲಿ ಅಧಿಕಾರಿಗಳ ಜೊತೆ ವೇಣೂರಿನಂತಹ ಪಂಚಾಯತುಗಳ ಸದಸ್ಯರೂ ಅಳಿವೆಯ ಮೀನುಗಾರರೂ ಕುಳಿತಿರಬೇಕು. ಹೂಳೆತ್ತುವ ಖರ್ಚಿನಲ್ಲಿ ಒಂದು ಪಾಲು ಮೇಲಿನೂರುಗಳ ದಂಡೆ ಕಟ್ಟುವುದಕ್ಕೆ, ಗುಡ್ಡದ ಮಣ್ಣು ಹಿಡಿಯುವುದಕ್ಕೆ ಸಲ್ಲಬೇಕು. ಮುಂದಿನ ಮಳೆಗಾಲಕ್ಕೆ ಮೊದಲು ಜಿಲ್ಲಾಧಿಕಾರಿಗಳು ಸಭೆ ಕರೆಯಲಿ. ಕರೆಯದಿದ್ದಲ್ಲಿ ನಮ್ಮ ಕಾರ್ಯಕರ್ತರೇ ವೇಣೂರಿನಲ್ಲಿ ಆ ಸಭೆಯನ್ನು ಕೂಡಿಸುವರು.