ಕದ್ದ ಹೆಸರನ್ನು ಹಿಂದಿರುಗಿಸಿ



ಕಾರ್ಗಿಲ್ ಯುದ್ಧದ ‘ಶವಪೆಟ್ಟಿಗೆ ಹಗರಣ’ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದು ಹೇಗೆ ಮುಗಿಯಿತೆಂಬುದು ನೆನಪಿದೆಯೇ? ಬಹುಮಂದಿಗೆ ಇರಲಾರದು. ನನ್ನ ಆಕ್ಷೇಪಣೆ ಇರುವುದೇ ಇಲ್ಲಿ.

ಮಡಿದ ಯೋಧರ ಪಾರ್ಥಿವ ಶರೀರಗಳನ್ನು ಸಾಗಿಸಲೆಂದು 1999ರಲ್ಲಿ ಅಮೆರಿಕದ ಸಂಸ್ಥೆಯೊಂದರಿಂದ ತಲಾ 2,500 ಡಾಲರ್ ದರದಲ್ಲಿ 500 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಕೊಳ್ಳುವ ಒಪ್ಪಂದವಾಯಿತು. ಬೆಲೆ ಅತಿಯಾಯಿತು, ಬಂದ ಪೆಟ್ಟಿಗೆಗಳ ತೂಕ ಒಪ್ಪಂದಕ್ಕಿಂತ ಹೆಚ್ಚಾಗಿತ್ತು ಎಂದು 2001ರಲ್ಲಿ ಮಹಾಲೇಖಪಾಲರ ವರದಿ ಎತ್ತಿ ತೋರಿಸಿತು. ಅದು ಅವರ ಕರ್ತವ್ಯ. ಅವರು ಕೇಳಿದ್ದು ಪ್ರಶ್ನೆ. ತೀರ್ಪು ಕೊಟ್ಟವರು ನಾವು.

2006ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. 2009ರಲ್ಲಿ ಮೂವರು ಸೇನಾಧಿಕಾರಿಗಳ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಅವರಲ್ಲೊಬ್ಬರು ಮೇಜರ್ ಜನರಲ್. ಆ ಪದವಿಗೇರಲು ಮೂರು ದಶಕಗಳ ಸೇವೆ ಬೇಕು. ಅದಕ್ಕೆ ಮಸಿ ಬಳಿಯಲು ಒಂದು ದಿನದ ಪತ್ರಿಕೆ ಸಾಕು. 2013ರ ಡಿಸೆಂಬರ್‌ನಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ, ವಿಚಾರಣೆ ನಡೆಸಲು ಬೇಕಾದಷ್ಟೂ ಸಾಕ್ಷ್ಯವಿಲ್ಲವೆಂದು ಅವರೆಲ್ಲರನ್ನೂ ಆರೋಪಮುಕ್ತಗೊಳಿಸಿತು. ಹಣದ ಪ್ರತಿ ಪೈಸೆಯೂ ಜಾಣ್ಮೆಯಿಂದ ವೆಚ್ಚವಾಯಿತೆಂದು ಇದರಿಂದ ಸಾಬೀತಾಗದು. ಆದರೆ ‘ಕಳ್ಳರು’ ಎನ್ನುವ ಅಧಿಕಾರ ಅಂದಿಗೇ ಮುಗಿಯಿತು. ನಿಜಕ್ಕೂ ಅದು ನಮಗೆ ಎಂದೂ ಇರಲಿಲ್ಲ.

ಅಂದಿನ ರಕ್ಷಣಾ ಸಚಿವ ಜಾರ್ಜ್ ಫೆರ್ನಾಂಡಿಸ್ ನಮ್ಮ ಮಂಗಳೂರಿನವರು. ಬೆಂಗಳೂರಿನ ಗುರುಮಠದಲ್ಲಿ ಕೆಲಕಾಲ ಓದಿದವರು. ಸಂಸತ್ತಿನಲ್ಲಿ ಅವರನ್ನು ಶವಪೆಟ್ಟಿಗೆಯ ಕಳ್ಳನೆಂದು ಕೂಗಿ ಕರೆದರು. ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 2013ರಲ್ಲಿ ನ್ಯಾಯಾಲಯ ಮಾತನಾಡುವ ಹೊತ್ತಿಗೆ, ಮರೆವಿನ ಕಾಯಿಲೆಗೆ ತುತ್ತಾಗಿದ್ದ ಅವರಿಗೆ ಅದನ್ನು ಕೇಳಿ ಸಮಾಧಾನಪಡುವ ಶಕ್ತಿಯೂ ಉಳಿದಿರಲಿಲ್ಲ. 2019ರಲ್ಲಿ ಅವರು ತೀರಿಕೊಂಡರು. ಅವರ ರಾಜಕೀಯ ನಮಗೆ ಒಪ್ಪಿಗೆಯಾಗಬೇಕಿಲ್ಲ. ನ್ಯಾಯ ಅವರಿಗೂ ಸಲ್ಲಬೇಕು.

‘ಸ್ವಾಮಿ, ನೀವು ದೊಡ್ಡವರ ಪರ ವಹಿಸುತ್ತಿದ್ದೀರಿ, ತನಿಖೆಯೇ ಬೇಡವೆನ್ನುತ್ತೀರಿ’ ಎಂದು ಯಾರಾದರೂ ಹೇಳಬಹುದು. ಇಲ್ಲ. ಯೋಧರ ಹೆಸರಿನಲ್ಲಿ ಕದಿಯುವವನು ದೇವರಿಗೂ ದೇಶಕ್ಕೂ ದ್ರೋಹ ಬಗೆಯುತ್ತಾನೆ. ಅವನ ಹೆಗಲ ಮೇಲಿನ ಪಟ್ಟಿಗಳನ್ನು ನೋಡಿ ಕಾನೂನು ಹಿಂಜರಿಯಬಾರದು. ದಾನಿಯೇಲನ ಗ್ರಂಥದ ಸುಸನ್ನಳನ್ನು ನೆನಪಿಸಿಕೊಳ್ಳಿ. ಇಡೀ ಸಭೆ ಇಬ್ಬರು ಹಿರಿಯರ ಮಾತನ್ನು ನಂಬಿ ಅವಳಿಗೆ ಮರಣದಂಡನೆ ವಿಧಿಸಿತು. ದಾನಿಯೇಲನು ಮಾಡಿದ್ದೇನು? ಇಬ್ಬರನ್ನೂ ಬೇರೆಬೇರೆಯಾಗಿ ನಿಲ್ಲಿಸಿ ಪ್ರಶ್ನಿಸಿದನು, ಸುಳ್ಳು ಬಯಲಾಯಿತು. ಪ್ರಾಮಾಣಿಕ ತನಿಖೆಯೇ ನಿರಪರಾಧಿಯ ಮಿತ್ರ. ಅವಳ ಪ್ರಾಣಕ್ಕೆ ಎರವಾಗಲಿದ್ದುದು ವಿಚಾರಣೆಯಲ್ಲ, ಸಭೆಯ ಆತುರ. ಹನ್ನೆರಡು ವರ್ಷ ಎಳೆದ ಪ್ರಕರಣವಾದರೋ ದೋಷಿಗೆ ಆಸರೆ, ನಿರ್ದೋಷಿಗೆ ಶಿಕ್ಷೆ.

ಈ ರೋಗ ದೆಹಲಿಯದು ಮಾತ್ರವಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬದ ಲೆಕ್ಕ ಒಪ್ಪಿಸುವುದು ಒಂದು ವಾರ ತಡವಾದರೆ ಸಾಕು. ಭಾನುವಾರದ ಬಲಿಪೂಜೆ ಮುಗಿಸಿ ಹೊರಬರುತ್ತಲೇ ಅಂಗಳದಲ್ಲಿ ಖಜಾಂಚಿಯ ‘ವಿಚಾರಣೆ’ ಆರಂಭ. ಲೆಕ್ಕ ಕೇಳಿ, ಪಾಲನಾ ಮಂಡಳಿಯ ಸಭೆಯಲ್ಲಿ ಎದ್ದುನಿಂತು ಕೇಳಿ. ಅದು ನಿಮ್ಮ ಹಕ್ಕು. ಬೆನ್ನ ಹಿಂದೆ ತೀರ್ಪು ಕೊಡಬೇಡಿ, ಅದು ಪಾಪ.

ಕದ್ದವನು ಪಾಪನಿವೇದನೆ ಮಾಡಿದರೆ ಸಾಲದು, ಕದ್ದುದನ್ನು ಹಿಂದಿರುಗಿಸಬೇಕೆಂದು ಧರ್ಮಸಭೆ ಬೋಧಿಸುತ್ತದೆ. ಒಬ್ಬನ ಮಾನ ಕಳೆದವನಿಗೂ ಅದೇ ನಿಯಮ. ಏಳನೆಯ ಕಟ್ಟಳೆಯನ್ನು ಮುರಿದವರತ್ತ ಬೆರಳು ತೋರುವ ಭರದಲ್ಲಿ ಎಂಟನೆಯದನ್ನು ನಾವೇ ಮುರಿಯುತ್ತೇವೆ. ಆದ್ದರಿಂದ, ಯಾರನ್ನಾದರೂ ಆಧಾರವಿಲ್ಲದೆ ಕಳ್ಳನೆಂದಿದ್ದರೆ ಪಾಪನಿವೇದನೆಯಷ್ಟಕ್ಕೇ ನಿಲ್ಲಿಸಬೇಡಿ. ಯಾರ ಮುಂದೆ ಹೇಳಿದಿರೋ ಅವರ ಬಳಿಗೆ ಹೋಗಿ, ‘ನಾನು ಹೇಳಿದ್ದು ತಪ್ಪು’ ಎನ್ನಿ. ಕಷ್ಟವೆನಿಸುತ್ತದೆಯೇ? ಆ ಹೆಸರನ್ನು ಗಳಿಸಲು ಅವರು ಪಟ್ಟ ಕಷ್ಟಕ್ಕಿಂತ ಇದು ಕಡಿಮೆಯೇ.