ಸಂದರ್ಶನಕ್ಕೆ ವಕೀಲರನ್ನು ಕರೆದೊಯ್ಯಬೇಕೆ?

ಮಲೆನಾಡಿನ ಮನೆಗಳಲ್ಲಿ ಕಚೇರಿ ವ್ಯವಹಾರದ ಬಗ್ಗೆ ಎರಡು ಬುದ್ಧಿಮಾತುಗಳು ಹಿಂದಿನಿಂದಲೂ ನಡೆದುಬಂದಿವೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಆದ್ದರಿಂದ ವಕೀಲರ ಸಹವಾಸ ಬೇಡ ಎನ್ನುವುದು ಒಂದು. ಸರ್ಕಾರಿ ಕಚೇರಿಗೆ ಒಬ್ಬನೇ ಹೋಗಬೇಡ, ಗೊತ್ತಿದ್ದವರು ಯಾರನ್ನಾದರೂ ಕರೆದುಕೊಂಡು ಹೋಗು ಎನ್ನುವುದು ಇನ್ನೊಂದು. ಪಹಣಿ ತಿದ್ದುಪಡಿಗೆಂದು ಮೂಡಿಗೆರೆಯ ತಾಲ್ಲೂಕು ಕಚೇರಿಗೆ ಹೊರಟ ಬೆಳೆಗಾರ ಪಂಚಾಯಿತಿಯ ಮಾಜಿ ಸದಸ್ಯರನ್ನೋ, ಸರ್ವೆಯವರ ಪರಿಚಯ ಇರುವ ನೆಂಟರನ್ನೋ ಜೀಪಿಗೆ ಹತ್ತಿಸಿಕೊಳ್ಳುತ್ತಾನೆ. ವಕೀಲರನ್ನು ಮಾತ್ರ ಕರೆಯುವುದಿಲ್ಲ. ಅವರು ಬಂದರೆಂದರೆ ಜಗಳ ಶುರುವಾಯಿತು ಎಂದೇ ಎಲ್ಲರ ಎಣಿಕೆ.

ಇದೇ ಮನೆಗಳ ಮಕ್ಕಳು ಓದು, ಕೆಲಸ ಎಂದು ಅಮೆರಿಕಕ್ಕೆ ಹೋಗಿ, ಗ್ರೀನ್ ಕಾರ್ಡ್ ಪಡೆದು, ಐದು ವರ್ಷ ಕಾದು ಪೌರತ್ವದ ಸಂದರ್ಶನಕ್ಕೆ ಕೂರುತ್ತಿದ್ದಾರೆ. 2023ರ ಆರ್ಥಿಕ ವರ್ಷದಲ್ಲಿ ಅಮೆರಿಕದ ಪೌರರಾದವರ ಪೈಕಿ ಮೆಕ್ಸಿಕೊ ನಂತರದ ಸ್ಥಾನ ಭಾರತೀಯರದು, ಸುಮಾರು 59 ಸಾವಿರ ಮಂದಿ. ಸಂದರ್ಶನದ ಪತ್ರ ಕೈಗೆ ಬಂದಾಗ ಊರಿನ ಆ ಎರಡೂ ಬುದ್ಧಿಮಾತುಗಳು ಎದುರುಬದುರು ನಿಲ್ಲುತ್ತವೆ. ಒಬ್ಬರೇ ಹೋಗುವುದು ಹೇಗೆ? ಆದರೆ ಅಲ್ಲಿ ಜೊತೆಗೆ ಬರಬಹುದಾದವರು ಮಾಜಿ ಸದಸ್ಯರಲ್ಲ, ವಕೀಲರು. ಕರೆದರೆ ಏನೋ ಮುಚ್ಚಿಟ್ಟಿದ್ದಾನೆ ಎಂದು ಅಧಿಕಾರಿ ಅಂದುಕೊಂಡರೆ?

ಈ ಅಂಜಿಕೆಯನ್ನು ಮೊದಲೇ ಬದಿಗಿಡಬಹುದು. ಅರ್ಜಿದಾರರ ಜೊತೆ ವಕೀಲರು ಕೂರುವುದು ಅಲ್ಲಿನ ನಿಯಮದಲ್ಲೇ ಬರೆದಿರುವ ಹಕ್ಕು. ಜಿ-28 ಎಂಬ ನಮೂನೆ ಸಲ್ಲಿಸಿದರೆ ಸಾಕು. ಅಧಿಕಾರಿಗೆ ಅದು ದಿನನಿತ್ಯದ ದೃಶ್ಯ. ಹಾಗಿದ್ದರೆ ಎಲ್ಲರೂ ಕರೆದೊಯ್ಯಲಿ ಎನ್ನಬಹುದೆ? ಅದೂ ಸರಿಯಲ್ಲ. ಆ ಕೋಣೆಯಲ್ಲಿ ನಡೆಯುವುದೇನು ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಅರ್ಜಿದಾರ ಬಲಗೈ ಎತ್ತಿ ಸತ್ಯವನ್ನೇ ಹೇಳುವೆನೆಂದು ಪ್ರಮಾಣ ಮಾಡುತ್ತಾನೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಬೇಕು, ಒಂದು ಬರೆಯಬೇಕು. ಅಮೆರಿಕದ ಇತಿಹಾಸ, ಆಡಳಿತದ ಪ್ರಶ್ನೆಗಳಿಗೆ ಉತ್ತರಿಸಬೇಕು. 2025ರ ಅಕ್ಟೋಬರ್ 20ರಿಂದ ಈಚೆಗೆ ಸಲ್ಲಿಸಿದ ಅರ್ಜಿಗಳಿಗೆ 128 ಪ್ರಶ್ನೆಗಳ ಪಟ್ಟಿಯಿಂದ 20 ಕೇಳುತ್ತಾರೆ, 12 ಸರಿಯಾಗಬೇಕು. ಆಮೇಲೆ ಪೌರತ್ವಕ್ಕೆಂದು ಸಲ್ಲಿಸಿದ ಎನ್-400 ಅರ್ಜಿಯಲ್ಲಿ ಬರೆದದ್ದನ್ನು ಸಾಲುಸಾಲಾಗಿ ವಿಚಾರಿಸುತ್ತಾರೆ. ಇದರಲ್ಲಿ ಯಾವುದಕ್ಕೂ ವಕೀಲರು ಉತ್ತರ ಹೇಳುವಂತಿಲ್ಲ. ಅಸ್ಪಷ್ಟ ಪ್ರಶ್ನೆಯನ್ನು ಬಿಡಿಸಿ ಕೇಳಿ ಎನ್ನಬಹುದು, ಸಲ್ಲದ ಪ್ರಶ್ನೆಗೆ ಆಕ್ಷೇಪ ಎತ್ತಬಹುದು, ಕಾಗದ ಒದಗಿಸಬಹುದು, ನಡೆದದ್ದನ್ನು ಬರೆದುಕೊಳ್ಳಬಹುದು. ಸಲ್ಲಿಕೆಯಾದ ಹತ್ತರಲ್ಲಿ ಸುಮಾರು ಒಂಬತ್ತು ಅರ್ಜಿಗಳು ಒಪ್ಪಿಗೆಯಾಗುತ್ತವೆ. ಅರ್ಜಿ ಶುಲ್ಕವೇ 700 ಡಾಲರ್ ದಾಟಿರುವಾಗ, ಬದುಕು ನೇರವಾಗಿ ಸಾಗಿರುವವರು ಅದರ ಮೇಲೆ ವಕೀಲರ ಫೀಸನ್ನೂ ಹೊರುವುದು ಬರಿಯ ಧೈರ್ಯಕ್ಕಾಗಿ ತೆರುವ ದುಡ್ಡು.

ಮಗನ ಮನೆಯಲ್ಲಿ ನೆಲೆಸಿರುವ ಕಳಸದ ತಾಯಿಯೊಬ್ಬರನ್ನು ನೆನೆದರೆ ಇದು ಇನ್ನೂ ಸ್ಪಷ್ಟ. ವಯಸ್ಸು 55 ದಾಟಿ, ಗ್ರೀನ್ ಕಾರ್ಡಿಗೆ 15 ವರ್ಷ ತುಂಬಿದ್ದರೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆ. ಉಳಿದ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರಿಸಬಹುದು. ಆಕೆಗೆ ಬೇಕಾದವರು ಒಳ್ಳೆಯ ದುಭಾಷಿ.

ಆದರೆ ಕಾಫಿ ಸೀಮೆಯ ಸಂಸಾರಗಳ ಬದುಕು ಅಷ್ಟು ನೇರವಾಗಿರುವುದು ಕಡಿಮೆ. ತೋಟ ಕರೆಯುತ್ತದೆ. ಅಪ್ಪ ಹಾಸಿಗೆ ಹಿಡಿದರೆ ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರಿನಲ್ಲಿ ಬಂದ ಮಗ, ರೊಬಸ್ಟಾ ಕೊಯ್ಸಿ, ಕಣದ ಕೆಲಸ ಮುಗಿಸಿ, ಹೂಮಳೆ ಬಿದ್ದ ಮೇಲೆ ಮೇ ಕೊನೆಗೆ ಹೊರಡುತ್ತಾನೆ. ಊರವರ ಕಣ್ಣಿಗೆ ಅವನು ಒಳ್ಳೆಯ ಮಗ. ಅಮೆರಿಕದ ಕಾನೂನಿನ ಕಣ್ಣಿಗೆ, ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದುದರಿಂದ ಅವನ ನಿರಂತರ ವಾಸ ಕಡಿದಿದೆ ಎಂಬ ಊಹೆ ಹುಟ್ಟುತ್ತದೆ. ಅದನ್ನು ಅಲ್ಲಗಳೆಯುವ ಹೊಣೆ ಅವನದೇ: ಕೆಲಸ ಬಿಟ್ಟಿರಲಿಲ್ಲ, ಹೆಂಡತಿ ಮಕ್ಕಳು ಅಲ್ಲೇ ಇದ್ದರು, ಮನೆ ಬಾಡಿಗೆ ಕಟ್ಟುತ್ತಿದ್ದೆ ಎಂದು ಕಾಗದ ಇಡಬೇಕು. ಒಂದು ವರ್ಷ ದಾಟಿದ್ದರೆ ಊಹೆಯ ಮಾತಿಲ್ಲ, ವಾಸ ಕಡಿದೇ ಹೋಯಿತು. ಇದಲ್ಲದೆ ಐದು ವರ್ಷಗಳಲ್ಲಿ ಒಟ್ಟು 30 ತಿಂಗಳು ಆ ನೆಲದ ಮೇಲೆ ಇದ್ದಿರಲೇಬೇಕು.

ಇನ್ನೊಂದು ತೊಡಕು ಲೆಕ್ಕದ್ದು. ಕೃಷಿ ಆದಾಯಕ್ಕೆ ಇಲ್ಲಿ ಬಹುಮಟ್ಟಿಗೆ ಆದಾಯ ತೆರಿಗೆ ಇಲ್ಲದ್ದರಿಂದ, ತೋಟದ ಪಾಲು ಬಂದರೆ ಅದನ್ನು ಯಾರಿಗೂ ಹೇಳಬೇಕಿಲ್ಲ ಎಂಬ ಅಭ್ಯಾಸ ಬೆಳೆದುಬಿಟ್ಟಿದೆ. ಅಮೆರಿಕವಾದರೋ ತನ್ನ ನಿವಾಸಿಗಳ ಲೋಕದೆಲ್ಲೆಡೆಯ ಆದಾಯವನ್ನು ಕೇಳುತ್ತದೆ. ಹೊರದೇಶದ ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಪ್ರತ್ಯೇಕ ವರದಿ ಕೇಳುತ್ತದೆ. ಬಾಳೆಹೊನ್ನೂರಿನ ಬ್ಯಾಂಕಿನಲ್ಲಿ ಅಪ್ಪನೊಂದಿಗಿರುವ ಜಂಟಿ ಖಾತೆ ಇಲ್ಲಿ ತಟ್ಟನೆ ಮುಖ್ಯವಾಗುತ್ತದೆ. ಕುಡಿದು ಗಾಡಿ ಓಡಿಸಿ ಒಮ್ಮೆ ಸಿಕ್ಕಿಬಿದ್ದದ್ದು, ಕೋರ್ಟು ಕೈಬಿಟ್ಟ ಹಳೆಯ ಕೇಸು, ವೀಸಾ ಅರ್ಜಿಯಲ್ಲಿ ಒಂದು ಬಗೆಯಾಗಿ ಈಗ ಇನ್ನೊಂದು ಬಗೆಯಾಗಿ ಬರೆದ ವಿವರ, ಎಲ್ಲವೂ ಇದೇ ಸಾಲಿನವು. 2025ರ ಆಗಸ್ಟಿನಲ್ಲಿ ಅಲ್ಲಿನ ವಲಸೆ ಇಲಾಖೆ ಅರ್ಜಿದಾರರ ನಡತೆಯನ್ನು ಇನ್ನಷ್ಟು ವಿಸ್ತಾರವಾಗಿ ತೂಗುವಂತೆ ಅಧಿಕಾರಿಗಳಿಗೆ ಸೂಚಿಸಿದೆ. ನೆರೆಹೊರೆಯವರನ್ನು ವಿಚಾರಿಸುವ ಹಳೆಯ ಕ್ರಮಕ್ಕೂ ಮತ್ತೆ ಜೀವ ಕೊಟ್ಟಿದೆ.

ಇಂಥ ಕಡೆ ಜನರನ್ನು ಕೆಡಿಸುವುದು ತಪ್ಪಿಗಿಂತ ತಪ್ಪನ್ನು ಮುಚ್ಚುವ ಸಣ್ಣ ಸುಳ್ಳು. ಕುಂಗಿಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದ ಮಾತು ಕಠಿಣವಾದದ್ದು: ವಲಸೆಯ ಲಾಭಕ್ಕಾಗಿ ಪ್ರಮಾಣ ಮಾಡಿ ಸುಳ್ಳು ನುಡಿದರೆ, ಆ ಸುಳ್ಳು ಫಲಿತಾಂಶಕ್ಕೆ ಮುಖ್ಯವಲ್ಲದಿದ್ದರೂ ನಡತೆಯ ಪರೀಕ್ಷೆಯಲ್ಲಿ ಸೋತಂತೆಯೇ. ‘ಇದನ್ನೆಲ್ಲ ಯಾಕೆ ಹೇಳಬೇಕು, ಬಿಡು’ ಎಂಬ ನಮ್ಮ ಕಡೆಯ ಸಲೀಸುತನ ಅಲ್ಲಿ ಪೌರತ್ವವನ್ನೇ ನುಂಗಬಲ್ಲದು. ಆದ್ದರಿಂದ ವಕೀಲರನ್ನು ಕಾಣಬೇಕಾದ ದಿನ ಸಂದರ್ಶನದ ದಿನಕ್ಕಿಂತ ಬಹಳ ಮುಂಚಿನದು, ಅರ್ಜಿ ತುಂಬುವ ಮೊದಲಿನದು. ಈಗ ಸಲ್ಲಿಸಬೇಕೆ, ಆರು ತಿಂಗಳು ಕಾಯಬೇಕೆ, ತೆರಿಗೆಯ ಹಳೆಯ ಲೆಕ್ಕ ಮೊದಲು ಸರಿಪಡಿಸಬೇಕೆ ಎಂಬ ನಿರ್ಧಾರಗಳಿಗೆ ಅವರ ಬುದ್ಧಿ ಬೇಕು. ಇಷ್ಟು ತಯಾರಿ ಆಗಿದ್ದ ಮೇಲೆ, ಕಡತದಲ್ಲಿ ವಿವಾದದ ಅಂಶ ಇದ್ದರೆ ಮಾತ್ರ ಅವರು ಕೋಣೆಯ ಒಳಗೂ ಇರಲಿ. ಅರ್ಜಿ ತಿರಸ್ಕಾರವಾದರೆ, 30 ದಿನಗಳೊಳಗೆ ಕೋರಿದಲ್ಲಿ ಬೇರೊಬ್ಬ ಅಧಿಕಾರಿಯ ಮುಂದೆ ಮರುವಿಚಾರಣೆ, ಅಲ್ಲೂ ಸೋತರೆ ಫೆಡರಲ್ ಜಿಲ್ಲಾ ನ್ಯಾಯಾಲಯ. ಆಗ ಒಳಗೆ ಏನು ಕೇಳಿದರು, ಏನು ಹೇಳಿದ ಎಂದು ಬರೆದಿಟ್ಟ ಎರಡನೆಯ ಜೊತೆ ಕಣ್ಣು ಬೆಲೆಬಾಳುತ್ತದೆ.

ಅಮೆರಿಕದ ವಕೀಲರು ಹೇಳದೆ ಬಿಡಬಹುದಾದ ಒಂದು ಸಂಗತಿಯೂ ಉಂಟು. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಲ್ಲೇ ಇಲ್ಲಿನ ಪೌರತ್ವ ತಾನಾಗಿ ಹೋಗುತ್ತದೆ. ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡು ಸಿಗುತ್ತದೆ ನಿಜ. ಆದರೆ ಆ ಕಾರ್ಡಿನವರು ಕೃಷಿ ಭೂಮಿ, ತೋಟದ ಮನೆ, ಪ್ಲಾಂಟೇಶನ್ ಆಸ್ತಿಯನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತಿಲ್ಲ. ಉತ್ತರಾಧಿಕಾರದಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಹೊರದೇಶದಲ್ಲಿರುವ ಭಾರತೀಯ ಪೌರನಿಗೂ ಇದೇ ತಡೆ ಇದೆಯಾದರೂ ಅವನು ಊರಿಗೆ ಮರಳಿ ನೆಲೆಸಿದರೆ ಅದು ಹೋಗುತ್ತದೆ. ಒಸಿಐ ಕಾರ್ಡಿನವರಿಗೆ ಮರಳಿ ಬಂದರೂ ಉಳಿಯಬಹುದು. ಪಕ್ಕದ ಐದೆಕರೆ ಮಾರಾಟಕ್ಕೆ ಬಂದಾಗ ಕೊಳ್ಳುವ ಆಸೆ ಇರುವವರು ಪ್ರಮಾಣವಚನಕ್ಕೆ ಮುಂಚೆ ಕಾಣಬೇಕಾದ ವಕೀಲರು ಕ್ಯಾಲಿಫೋರ್ನಿಯಾದವರಲ್ಲ, ಚಿಕ್ಕಮಗಳೂರಿನವರು.

ಇಷ್ಟೂ ಆಯ್ಕೆ ಇರುವವರ ಮಾತು. ಅದೇ ತೋಟಗಳ ಲೈನ್ ಮನೆಗಳಲ್ಲಿ ಇನ್ನೊಂದು ಬಗೆಯ ಪೌರತ್ವ ವಿಚಾರಣೆಯ ನೆರಳಿದೆ. ಕೊಯ್ಲಿಗೆ ಘಟ್ಟದ ಕೆಳಗಿನವರೂ ತಮಿಳುನಾಡಿನವರೂ ಬರುತ್ತಿದ್ದ ಜಾಗಕ್ಕೆ ಈಚಿನ ವರ್ಷಗಳಲ್ಲಿ ಅಸ್ಸಾಮಿನ ಕಾರ್ಮಿಕರು ಸಂಸಾರ ಸಮೇತ ಬರುತ್ತಿದ್ದಾರೆ. ಇವರಲ್ಲಿ ಬಾಂಗ್ಲಾದೇಶದವರಿರಬಹುದು ಎಂಬ ದೂರು, ಪೊಲೀಸರ ದಾಖಲೆ ತಪಾಸಣೆ, ಮಾಲೀಕರು ವಿವರ ಕೊಡಬೇಕೆಂಬ ಸೂಚನೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹಲವು ಸಲ ಸುದ್ದಿಯಾಗಿವೆ. ಮೇಸ್ತ್ರಿ ಕೇಳಿದಾಗ ಕಾರ್ಮಿಕ ಆಧಾರ್ ಕಾರ್ಡು ತೋರಿಸಿ ನಿರಾಳನಾಗುತ್ತಾನೆ. ಆದರೆ ಆಧಾರ್ ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ.

ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ರಾಷ್ಟ್ರೀಯ ಪೌರ ನೋಂದಣಿಯಿಂದ 19,06,657 ಜನ ಹೊರಗುಳಿದರು. ಯಾರು ವಿದೇಶಿ ಎಂದು ತೀರ್ಮಾನಿಸುವುದು ಅಲ್ಲಿನ ವಿದೇಶಿಯರ ನ್ಯಾಯಮಂಡಳಿಗಳು. ಸಾಮಾನ್ಯ ಮೊಕದ್ದಮೆಯಲ್ಲಿ ಆರೋಪ ಸಾಬೀತು ಮಾಡುವುದು ಸರ್ಕಾರದ ಕೆಲಸ. ಇಲ್ಲಿ ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವುದು ನೋಟಿಸು ಪಡೆದವನ ಕೆಲಸ. 1946ರ ವಿದೇಶಿಯರ ಕಾಯ್ದೆಯ 9ನೇ ಕಲಮು ಹಾಗೆಂದಿತ್ತು, ಅದರ ಜಾಗಕ್ಕೆ ಬಂದ 2025ರ ಕಾಯ್ದೆಯೂ ಆ ಹೊರೆಯನ್ನು ಅಲ್ಲೇ ಇಟ್ಟಿದೆ. ಉತ್ತರ ಕೊಡಲು ನಿಯಮ ಮೂಲತಃ ಇಟ್ಟ ಗಡುವು ಹತ್ತು ದಿನ. ಮನುಷ್ಯ ಕಳಸದ ತೋಟದಲ್ಲಿ ಹಣ್ಣು ಕೀಳುತ್ತಿರುವಾಗ ನೋಟಿಸು ಊರಿನ ಮನೆಯ ಗೋಡೆಯಲ್ಲಿ ಅಂಟಿಕೊಂಡಿದ್ದರೆ? ಹಾಜರಾಗದವರ ಮೇಲೆ ಏಕಪಕ್ಷೀಯ ಆದೇಶವಾಗುತ್ತದೆ. 1985ರಿಂದ 2019ರ ಫೆಬ್ರುವರಿವರೆಗೆ ಹೀಗೆ ವಿದೇಶಿ ಎನಿಸಿಕೊಂಡವರು ಸುಮಾರು 64 ಸಾವಿರ ಎಂದು ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿತ್ತು.

ಮೊಹಮ್ಮದ್ ರಹೀಂ ಅಲಿ ಪ್ರಕರಣ ಇದಕ್ಕೆ ಸಾಕ್ಷಿ. 2012ರಲ್ಲಿ ನ್ಯಾಯಮಂಡಳಿ ಅವರನ್ನು ಏಕಪಕ್ಷೀಯವಾಗಿ ವಿದೇಶಿ ಎಂದಿತು. ಹೆಸರಿನ ಕಾಗುಣಿತ, ದಿನಾಂಕಗಳ ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಪೌರತ್ವ ಕಸಿಯಬಾರದು, ಆಧಾರವಿಲ್ಲದೆ ಯಾರನ್ನೋ ಹಿಡಿದು ಸಾಬೀತು ಮಾಡು ಎನ್ನಬಾರದು ಎಂದು ಸುಪ್ರೀಂ ಕೋರ್ಟು 2024ರ ಜುಲೈ 11ರಂದು ತೀರ್ಪಿತ್ತು ಅವರನ್ನು ಭಾರತೀಯ ಎಂದು ಘೋಷಿಸಿತು. ಅಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷ ದಾಟಿತ್ತು. ದಾಖಲೆಗಳ ಕಾಗುಣಿತ ಹೊಂದಿಸಿ ನೋಡುವ ಕಣ್ಣು, ವಾಯಿದೆಯ ದಿನ ಹಾಜರಾಗುವ ಕಾಲು, ಎರಡೂ ಮೊದಲ ಮೆಟ್ಟಿಲಲ್ಲೇ ಬೇಕಿರುತ್ತವೆ. ಇಲ್ಲಿ ವಕೀಲರು ಬೇಕೆ ಎಂಬುದು ಪ್ರಶ್ನೆಯೇ ಅಲ್ಲ.

ತೋಟದ ಕೂಲಿಗಳು ಪೌರತ್ವದ ಕಾಗದಕ್ಕೆ ಸಿಕ್ಕಿಬೀಳುವುದು ಹೊಸದೂ ಅಲ್ಲ. ಸ್ವತಂತ್ರ ಸಿಲೋನ್ (ಇಂದಿನ ಶ್ರೀಲಂಕಾ) 1949ರ ಕಾಯ್ದೆಯಡಿ ಭಾರತೀಯ ಮೂಲದವರಿಂದ ಅರ್ಜಿ ಕರೆದು, ಏಳು ಅಥವಾ ಹತ್ತು ವರ್ಷ ಎಡೆಬಿಡದೆ ಅಲ್ಲೇ ವಾಸವಿದ್ದ ಪುರಾವೆ ಕೇಳಿತು. ಎಂಟು ಲಕ್ಷಕ್ಕೂ ಹೆಚ್ಚು ಮಂದಿಗಾಗಿ ಅರ್ಜಿಗಳು ಬಂದವು. ಪೌರತ್ವ ಸಿಕ್ಕಿದ್ದು ಸುಮಾರು 1.34 ಲಕ್ಷ ಜನರಿಗೆ. ಚಹಾ ತೋಟದ ಲೈನಿನಲ್ಲಿ ಬದುಕಿದವರ ಬಳಿ ಮನೆಯ ಕರಾರುಪತ್ರ ಎಲ್ಲಿಂದ ಬರಬೇಕು? ಉಳಿದವರ ಹಣೆಬರಹವನ್ನು 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದ ಬರೆಯಿತು: 5,25,000 ಜನ ಭಾರತಕ್ಕೆ, ಮೂರು ಲಕ್ಷ ಜನ ಸಿಲೋನಿಗೆ. ಹೀಗೆ ಬಂದವರಲ್ಲಿ ಕೆಲವರಿಗೆ ಕರ್ನಾಟಕ ಸರ್ಕಾರ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟಿತು. ಅವರ ಮೊಮ್ಮಕ್ಕಳು ಇಂದಿಗೂ ಅಲ್ಲಿದ್ದಾರೆ.

ಕೆಲವು ಪ್ರಶ್ನೆಗಳಂತೂ ಸಂದರ್ಶನದ ಕೋಣೆಯಲ್ಲಿ ತೀರುವಂಥವೇ ಅಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದು ಕಾಯ್ದೆ ಹೇಳಿದರೂ, ಟಿಬೆಟಿಯನ್ ನಿರಾಶ್ರಿತರ ಮಕ್ಕಳಿಗೆ ಪಾಸ್‌ಪೋರ್ಟ್ ಕೊಡಲು ಅಧಿಕಾರಿಗಳು ಒಪ್ಪುತ್ತಿರಲಿಲ್ಲ. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ಕರ್ನಾಟಕ ಹೈಕೋರ್ಟು ಅವರ ಪರ ತೀರ್ಪು ಕೊಟ್ಟ ಮೇಲೆಯೇ ದಾರಿ ತೆರೆಯಿತು. ಕೌಂಟರಿನ ಮುಂದೆ ಎಷ್ಟು ವಿನಯದಿಂದ ನಿಂತರೂ ಅದು ಆಗುತ್ತಿರಲಿಲ್ಲ.

ವಕೀಲರು ಬಂದರೆ ಸರಳ ಕೆಲಸವೂ ಜಟಿಲವಾಗುತ್ತದೆ, ಎಳೆದಾಡುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಎರಡೂ ಪಕ್ಷದವರು ದಿನಾಂಕ ಮುಂದಕ್ಕೆ ಹಾಕಿಸುತ್ತಲೇ ಹತ್ತಾರು ವರ್ಷ ಕಳೆದ ಜಮೀನು ವ್ಯಾಜ್ಯ ಮಲೆನಾಡಿನ ಪ್ರತಿ ಊರಿನಲ್ಲೂ ಇದೆ. ಆದರೆ ಪೌರತ್ವದ ವಿಚಾರಣೆಯನ್ನು ಆ ಮೊಕದ್ದಮೆಗಳ ತಕ್ಕಡಿಯಲ್ಲಿ ತೂಗಲಾಗದು. ಇಲ್ಲಿ ನೋಡಬೇಕಾದ್ದು ಎರಡು: ತಪ್ಪಾದರೆ ಕಳೆದುಕೊಳ್ಳುವುದೇನು, ಸಾಬೀತು ಮಾಡುವ ಹೊರೆ ಯಾರ ಹೆಗಲ ಮೇಲಿದೆ. ಡಲ್ಲಾಸಿನ ಇಂಜಿನಿಯರನ ಅರ್ಜಿ ತಿರಸ್ಕಾರವಾದರೆ, ಬೇರೆ ತೊಡಕಿಲ್ಲದಿದ್ದಲ್ಲಿ, ಗ್ರೀನ್ ಕಾರ್ಡು ಕೈಯಲ್ಲೇ ಇರುತ್ತದೆ, ಮತ್ತೆ ಅರ್ಜಿ ಹಾಕಬಹುದು. ಅಸ್ಸಾಮಿನ ಬಾರ್ಪೇಟಾದ ಕೂಲಿಗೆ ಹಿಂದಿರುಗಿ ನಿಲ್ಲಲು ಬೇರೆ ಕಾಗದವಿಲ್ಲ. ವಕೀಲರ ಬಗ್ಗೆ ದಿನಗಟ್ಟಲೆ ಯೋಚಿಸುವ ಅವಕಾಶ ಇರುವುದು ಮಾತ್ರ ಮೊದಲಿನವನಿಗೆ.

ಎರಡನೆಯವನಿಗೂ ದಾರಿ ಇಲ್ಲದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಕಡಿಮೆ ಆದಾಯದವರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಜಿಲ್ಲಾ ಪ್ರಾಧಿಕಾರ ಚಿಕ್ಕಮಗಳೂರಿನ ನ್ಯಾಯಾಲಯದ ಆವರಣದಲ್ಲೇ ಇದೆ, 15100 ಸಹಾಯವಾಣಿ ದೇಶದ ಎಲ್ಲೆಡೆಯಿಂದ ಸಿಗುತ್ತದೆ. ಕೊಯ್ಲಿನ ಆರಂಭದಲ್ಲಿ ರೈಟರು ಆಳುಗಳ ಹೆಸರು, ಆಧಾರ್ ಸಂಖ್ಯೆ ಬರೆದುಕೊಂಡು ಠಾಣೆಗೆ ಪಟ್ಟಿ ಕೊಡುವ ಪದ್ಧತಿ ಇರುವ ತೋಟಗಳಲ್ಲಿ, ಅದೇ ದಿನ ಊರಿಗೆ ನೋಟಿಸು ಬಂದಿದೆಯೇ ಎಂದು ಒಂದು ಪ್ರಶ್ನೆ ಕೇಳಿ, ಬಂದಿದ್ದವರ ವಿವರವನ್ನು ಪ್ರಾಧಿಕಾರದ ಮೂಲಕ ಅಸ್ಸಾಮಿನ ಪ್ರಾಧಿಕಾರಕ್ಕೆ ತಲುಪಿಸಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಬೆಳೆಗಾರರ ಸಂಘಗಳು ಕಾರ್ಮಿಕರ ಅಭಾವದ ಬಗ್ಗೆ ಪ್ರತಿ ವರ್ಷ ಕೊಡುವ ಮನವಿಯಲ್ಲಿ ಇದನ್ನೂ ಒಂದು ಸಾಲಾಗಿ ಸೇರಿಸಿದರೆ, ಮುಂದಿನ ನವೆಂಬರಿನ ಹೊತ್ತಿಗೆ ಕೆಲಸ ಶುರುವಾಗಬಹುದು.