27 ಪಾಸು, 31 ಫೇಲು, ಈಗ 30 ಪಾಸು!



ಎಸ್ಸೆಸ್ಸೆಲ್ಸಿ ಪಾಸಾಗಲು ಇನ್ನು ಶೇ 33 ಸಾಕೆಂದು ಶಿಕ್ಷಣ ಸಚಿವರು 2025ರ ಅಕ್ಟೋಬರಿನಲ್ಲಿ ಸಾರಿದರಲ್ಲ, ಮರುದಿನ ಆ ಸುದ್ದಿ ಓದಿದ ನನ್ನ ಮಗ ಪೇಪರು ಮಡಚಿಟ್ಟು ಕೇಳಿದ: ‘ಅಪ್ಪಾ, ಹಂಗಾದ್ರ ನಾ ಈಗ ಪಾಸಾದಂಗ ಏನು?’ ನನಗೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಲಿ.

ನಮ್ಮ ಮನೆಯ ಲೆಕ್ಕ ಇಷ್ಟು. ಮಗಳು 2024ರಲ್ಲಿ ಗಣಿತದಲ್ಲಿ ಸ್ವಂತಕ್ಕೆ ಗಳಿಸಿದ್ದು 27. ಆ ವರ್ಷ ಪರೀಕ್ಷೆಯೆಲ್ಲ ಮುಗಿದ ಮೇಲೆ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಹುಡುಗಿ ಪಾಸು. ಮಗ 2025ರಲ್ಲಿ ಗಳಿಸಿದ್ದು 31. ಅಷ್ಟರಲ್ಲಿ ಮುಖ್ಯಮಂತ್ರಿಗಳು ಸಿಟ್ಟಾಗಿ ಆ ಕೃಪಾಂಕ ಹೋಗಿತ್ತು. ಹುಡುಗ ಫೇಲು. ಈಗಿನ ನಿಯಮ ನೋಡಿದರೆ ವಿಷಯಕ್ಕೆ 30, ಒಟ್ಟು 625ಕ್ಕೆ 206 ಸಾಕು. ಅದೇ ಪುಸ್ತಕ, ಅದೇ ಪ್ರಮೇಯ. ಅಕ್ಕನಿಗಿಂತ ನಾಲ್ಕು ಅಂಕ ಹೆಚ್ಚು ತಂದವನೇ ದಡ್ಡ!

2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿದ್ದೇ ತಡ, ಫಲಿತಾಂಶ ನೆಲಕಚ್ಚಿತು. ಕೃಪಾಂಕ ಸುರಿಯದಿದ್ದರೆ ಶೇ 54ರ ಆಸುಪಾಸಿನಲ್ಲಿ ನಿಲ್ಲುತ್ತಿದ್ದುದು 73.40ಕ್ಕೆ ಏರಿತು. ಉಳಿದದ್ದು ಮಕ್ಕಳ ಮಾನವೋ, ಇಲಾಖೆಯದೋ?

ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವ ನಮಗೆ ಗ್ರೇಡು ಹೊಸದಲ್ಲ. ತಳಿ ಡಬ್ಬಿಯೋ ಕಡ್ಡಿಯೋ, ಬಣ್ಣ ಹೇಗಿದೆ, ತೇವ ಎಷ್ಟಿದೆ ಎಂದು ನೋಡಿಯೇ ದರ ಬರೆಯುತ್ತಾರೆ. ಆದರೆ ತೂಕ ಆದ ಮೇಲೆ ಯಾರೂ ತಕ್ಕಡಿಯ ಕಲ್ಲು ಬದಲಿಸುವುದಿಲ್ಲ. 2024ರ ಮಾರ್ಚ್ 11ರಂದು ದರ ಬಿದ್ದಾಗ ಸಿಟ್ಟಿಗೆದ್ದ ರೈತರು ಅಲ್ಲಿ ಬೆಂಕಿ ಹಚ್ಚಿದರು. ಅದು ತಪ್ಪೇ, ನಾನೇನು ಅದನ್ನು ಹೊಗಳುತ್ತಿಲ್ಲ. ಆದರೂ ಕಾಯಿಯ ದರ ಕುಸಿದರೆ ಇಡೀ ರಾಜ್ಯ ತಿರುಗಿ ನೋಡುತ್ತದೆ, ಮಕ್ಕಳ ಅಂಕಕ್ಕೆ ವರ್ಷಕ್ಕೊಂದು ದರ ಕಟ್ಟಿದರೆ ಯಾರೂ ಕೆಮ್ಮುವುದೂ ಇಲ್ಲ.

ಇನ್ನೊಂದು ಮಾತು. ಕ್ಯಾಮೆರಾ ಬಂತು, ಗಣಿತದ ಮಾಸ್ತರು ಬರಲಿಲ್ಲ. ಮಗನ ಶಾಲೆಗೆ ಅತಿಥಿ ಶಿಕ್ಷಕರೊಬ್ಬರು ಬರುವ ಹೊತ್ತಿಗೆ ನಾವು ಗೋವಿನಜೋಳ ಮುರಿಯುತ್ತಿದ್ದೆವು. ಗೌರವಧನ ಕೈಗೆ ಬರದೆ ಬೇಸತ್ತು ಸಂಕ್ರಾಂತಿಯ ಹೊತ್ತಿಗೆ ಅವರೂ ಹೋದರು. ತ್ರಿಕೋನಮಿತಿ ಪುಸ್ತಕದಲ್ಲೇ ಉಳಿಯಿತು. ಬೋರ್ಡಿನ ಮೇಲೆ ಗೆರೆ ಎಳೆಯುವವರಿಲ್ಲ, ಪಾಸು–ಫೇಲಿನ ಗೆರೆ ಎಳೆಯಲು ಮಾತ್ರ ಸಾಲುಗಟ್ಟಿ ಜನ!

ಎಷ್ಟಕ್ಕೆ ಪಾಸು, ಯಾಕೆ ಅಷ್ಟೇ, ಪ್ರಶ್ನೆಪತ್ರಿಕೆ ಕಠಿಣವಾದರೆ ಏನು ಮಾಡುತ್ತಾರೆ ಎಂಬುದನ್ನು ಶಾಲೆ ತೆರೆದ ದಿನವೇ ಗೋಡೆಗೆ ಹಚ್ಚಲಿ. ಮೇ ತಿಂಗಳಲ್ಲಿ ಫಲಿತಾಂಶ ನೋಡಿಕೊಂಡು ಕೃಪೆ ತೋರುವುದು, ಮರುವರ್ಷ ಕಿತ್ತುಕೊಳ್ಳುವುದು, ಅದರ ಮರುವರ್ಷ ಗೆರೆಯನ್ನೇ ಇಳಿಸುವುದು, ಇದ್ಯಾವ ಗಣಿತ?

ಹಾವೇರಿಯಲ್ಲಿ ತಿಳಿದವರೊಬ್ಬರನ್ನು ಮಗನ ಬಗ್ಗೆ ಕೇಳಿದೆ. ‘ಪರೀಕ್ಷೆ–2 ಇತ್ತಲ್ಲ, ಪರೀಕ್ಷೆ–3 ಇತ್ತಲ್ಲ’ ಅಂದರು. ಇತ್ತು ಸ್ವಾಮಿ. ಎರಡನೆಯದಕ್ಕೂ ಕೂತ, 33 ಬಂತು. ಆಗ ಅದೂ ಫೇಲು! ಮೂರನೆಯದಕ್ಕೆ ಕೂರದೆ ರಾಣೆಬೆನ್ನೂರಿನ ಒಂದು ಬೀಜದ ಗೋದಾಮಿಗೆ ಸೇರಿದ. ಅಲ್ಲಿ ಚೀಲಗಳ ಲೆಕ್ಕ ಬರೆಯುತ್ತಾನೆ. ಇಲ್ಲಿಯವರೆಗೆ ಒಂದು ಚೀಲವೂ ತಪ್ಪಿಲ್ಲವಂತೆ.

– ಒಬ್ಬ ಮೆಣಸಿನಕಾಯಿ ಬೆಳೆಗಾರ, ಬ್ಯಾಡಗಿ ತಾಲ್ಲೂಕು